ಒಳ್ಳೆ ದಾರಿ, ಕೆಟ್ಟ ದಾರಿ

ಜರ್ಮನಿಯ ಸೈಕಲ್ ಸವಾರನೊಬ್ಬ ಒಂದು ಸಂಜೆ ಒನೊರೀನಾಳ ಹೋಟೆಲಿನ ಬಾಗಿಲಲ್ಲಿ ನಿಂತು ಜಗಳ ತೆಗೆದ. ಅವನ ಒಂದು ಬೂಟಿನ ಅಟ್ಟೆ ಕಿತ್ತು ಬಂದಿತ್ತು, ಸೈಕಲ್ಲಿನ ಹಿಂದಿನ ಚಕ್ರ ಸೊಟ್ಟಗಾಗಿತ್ತು. ಬೆಳಿಗ್ಗೆ ಅದೇ ಬಾಗಿಲಲ್ಲಿ ನಿಂತು, ಫ್ರಾನ್ಸಿನ ಕಡೆಗೆ ದಾಟಲು ಯಾವ ಘಾಟಿ ಒಳ್ಳೆಯದು ಎಂದು ಕೇಳಿದ್ದ. ಅವಳು ಮನೆಯ ಹಿಂದಿನ ಕೆಂಪು ಘಾಟಿಯತ್ತ ಕೈ ತೋರಿಸಿ, ಒಳ್ಳೆ ದಾರಿ ಎಂದಿದ್ದಳು.

"ಅದು ದಾರಿನಾ? ಇಡೀ ದಿನ ಸೈಕಲ್ಲೇ ನನ್ನ ಮೇಲೆ ಸವಾರಿ ಮಾಡ್ತು. ಅರ್ಧಕ್ಕೇ ವಾಪಸ್ ಬಂದೆ" ಎಂದ.

ಒನೊರೀನಾ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಕೇಳಿದಳು: "ತಲೆ ಮೇಲೆ ಏನಾದ್ರೂ ಬಿತ್ತಾ?"

"ಇಲ್ಲ."

"ಮತ್ತೆ? ಒಳ್ಳೆ ದಾರಿನೇ ಅಲ್ವಾ. ಒಳಗೆ ಬನ್ನಿ, ಸೂಪು ಬಿಸಿ ಇದೆ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಕೂನೆಯೊ ಜಿಲ್ಲೆಯ ಪಡುವಣ ತುದಿಯ, ಫ್ರಾನ್ಸಿನ ಗಡಿಗೆ ತಾಗಿದ ನಮ್ಮ ಕಣಿವೆಯಲ್ಲಿ ಒಳ್ಳೆ ದಾರಿ ಎಂದರೆ ಮೇಲಿನಿಂದ ಹಿಮ ಜಾರಿ ಬೀಳದ ದಾರಿ. ಅದು ಗೋಡೆಯಷ್ಟು ಕಡಿದಾಗಿದ್ದರೂ, ಬರೀ ಕಲ್ಲಾಗಿದ್ದರೂ ಒಳ್ಳೆಯದೇ. ಹಿಮ ಬೀಳುವ ದಾರಿ ಕೆಟ್ಟದ್ದು, ಹಾಸಿಗೆಯಂತೆ ಮೆತ್ತಗಿದ್ದರೂ ಕೆಟ್ಟದ್ದೇ. ಈ ಮಾತು ಎಷ್ಟು ಹಳೆಯದೆಂದರೆ ಅದರೊಳಗೆ ಹಿಮ ಇದೆ ಎನ್ನುವುದೇ ಆಡುವವರಿಗೆ ಮರೆತುಹೋಗಿದೆ. ಭಾನುವಾರ ಪಾದ್ರಿಗಳು ಒಳ್ಳೆ ದಾರಿಯಲ್ಲಿ ನಡೆಯಿರಿ ಎಂದು ಉಪದೇಶಿಸಿದರೆ ಮಕ್ಕಳು ಕಿಟಕಿಯಿಂದ ಗುಡ್ಡದ ಕಡೆ ನೋಡುತ್ತಿದ್ದವು.

ಒನೊರೀನಾ ಹುಟ್ಟಿದ್ದು ಗ್ರಾಂಜೆ ಎಂಬ ಕೊನೆಯ ಊರಿನಲ್ಲಿ. ಅಲ್ಲಿಂದಾಚೆಗೆ ಊರಿಲ್ಲ, ಘಾಟಿಗಳು ಮಾತ್ರ. ಮನೆಯ ಹಿಂದೆ ಕೆಂಪು ಘಾಟಿ. ಹೊಳೆಯ ಆಚೆ, ಕೆಳಗಿನ ಊರಾದ ಪೋಂಟೆಯಿಂದ ಏರುವುದು ಹುಲ್ಲು ಘಾಟಿ. ಎರಡೂ ಫ್ರಾನ್ಸಿನ ಒಂದೇ ಕಣಿವೆಗೆ ಇಳಿಯುತ್ತವೆ. ಕೆಂಪು ಘಾಟಿ ಒಳ್ಳೆಯದು, ಹುಲ್ಲು ಘಾಟಿ ಕೆಟ್ಟದ್ದು. ಅವಳು ಹುಟ್ಟುವುದಕ್ಕೆ ಬಹಳ ಮೊದಲು ಅವಳ ಅಜ್ಜನ ತಮ್ಮನೂ ಪೋಂಟೆಯ ಇನ್ನೊಬ್ಬನೂ ಒಂದು ಚಳಿಗಾಲ ಹೇಸರಗತ್ತೆಗಳೊಂದಿಗೆ ಆಚೆ ಕಡೆ ಉಪ್ಪುಮೀನು ಮಾರಿ ಹಿಂದಿರುಗುವಾಗ, ಹತ್ತಿರವಾಗುತ್ತದೆಂದು ಹುಲ್ಲು ಘಾಟಿಯಲ್ಲಿ ಬಂದರು. ಹಿಮ ಕರಗಿ ಹೇಸರಗತ್ತೆಗಳು ಮೇ ತಿಂಗಳಲ್ಲಿ ಸಿಕ್ಕವು, ಮನುಷ್ಯರು ಜೂನ್‌ನಲ್ಲಿ. ಆ ಮೇಲೆ ಆ ಘಾಟಿಯ ಬಗ್ಗೆ ಯಾರೂ ಚರ್ಚೆ ಮಾಡಲಿಲ್ಲ.

ಹತ್ತೊಂಬತ್ತಕ್ಕೆ ಅವಳು ಕೆಳಗಿನ ಪಟ್ಟಣದ ಚೀಸು ಮಾಡುವ ಸಹಕಾರ ಸಂಘದಲ್ಲಿ ಕೆಲಸಕ್ಕೆ ಸೇರಿದಳು. ಕೆಲಸದಿಂದ ನಿವೃತ್ತರಾಗುತ್ತಿದ್ದ ಪಾದ್ರಿಯೊಬ್ಬರ ಸೈಕಲ್ಲು ಅವಳ ಪಾಲಿಗೆ ಬಂತು. ನಿಲುವಂಗಿ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ಬಲೆ ಕಟ್ಟಿದ, ಕಬ್ಬಿಣದ ಮಂಚದಷ್ಟು ಭಾರದ ಸೈಕಲ್ಲು. ಶನಿವಾರ ಅದನ್ನು ತುಳಿದುಕೊಂಡು ಗ್ರಾಂಜೆಗೆ ಬರುತ್ತಿದ್ದಳು. ಒಂದು ಶನಿವಾರ ಬರಲಿಲ್ಲ. ಕವಲಿನಲ್ಲಿ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿ, ಟಾರು ರಸ್ತೆಯ ಘಾಟಿ ಹತ್ತಿ, ಪಕ್ಕದ ಕಣಿವೆಗೆ ಇಳಿದು, ಯಾರದೋ ಹುಲ್ಲಟ್ಟದಲ್ಲಿ ಮಲಗಿ, ಭಾನುವಾರ ಸಂಜೆ ಮನೆಗೆ ಬಂದಳು.

ತಾಯಿ ಕೇಳಿದಳು: "ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ."

"ಏನು ತಂದೆ?"

"ಏನೂ ಇಲ್ಲ."

"ಹಾಗಾದ್ರೆ ಯಾಕೆ ಹೋದೆ?"

"ಆಚೆ ಏನಿದೆ ಅಂತ ನೋಡೋಕೆ."

"ಏನಿತ್ತು?"

"ಇನ್ನೊಂದು ಘಾಟಿ."

ಊರು ಇದನ್ನು ನಂಬಲಿಲ್ಲ. ಘಾಟಿ ದಾಟುವವರು ಸರಕಿಗೆ ದಾಟುತ್ತಾರೆ, ಇಲ್ಲವೇ ಗಂಡಸಿಗೆ ದಾಟುತ್ತಾರೆ ಎನ್ನುವುದು ಎಲ್ಲರ ಅನುಭವ. ಪಕ್ಕದ ಕಣಿವೆಯಲ್ಲಿ ನೆಂಟರಿದ್ದವರೆಲ್ಲ ಆ ಗಂಡಸು ಯಾರೆಂದು ವಿಚಾರಿಸಿದರು. ಯಾರೂ ಸಿಗದೆ ಹೋದದ್ದನ್ನು ಅವಳ ಮೇಲಿನ ದೂರಾಗಿ ಇಟ್ಟುಕೊಂಡರು.

ಗಂಡಸು ಸಿಕ್ಕಿದ್ದು ಆಮೇಲೆ, ಬೇರೊಂದು ಘಾಟಿಯ ಬುಡದಲ್ಲಿ. ದಾಲ್ಮಾತ್ಸೊ ಅಲ್ಲಿನ ಹೋಟೆಲಿನಲ್ಲಿ ಅಡುಗೆಯವನು. ಬಯಲುಸೀಮೆಯವನು, ಮೆಟ್ಟಿಲು ಹತ್ತಲೂ ಬೇಸರ. ಅವಳು ಮಳೆಯಲ್ಲಿ ನೆನೆದು ಬಂದು ಸೂಪು ಕೇಳಿದಾಗ, "ಮೇಲೆ ಏನಿಟ್ಟಿದೀಯ ನೀನು?" ಎಂದು ಕೇಳಿದನಂತೆ. ಅವಳು, "ನೀನೇ ಹೋಗಿ ನೋಡು" ಎಂದಳಂತೆ. ಅವನು ಈವರೆಗೂ ನೋಡಿಲ್ಲ. ಮದುವೆಯ ಮಾತು ಬಂದಾಗ ಒಪ್ಪಂದ ಒಂದೇ ಸಾಲಿನದು: ಅವಳು ಹತ್ತುವುದು, ಅವನು ಒಲೆ ಹಚ್ಚುವುದು. ಗ್ರಾಂಜೆಯಲ್ಲಿ ಅವಳ ತಂದೆಯ ಮನೆಯನ್ನೇ ಹೋಟೆಲು ಮಾಡಿದರು. ಕೆಳಗೆ ಊಟದ ಮನೆ, ಮಹಡಿಯಲ್ಲಿ ನಾಲ್ಕು ಕೋಣೆ. ಚೀಸು ಬೆರೆಸಿದ ಆಲೂಗಡ್ಡೆಯ ಪುಟ್ಟ ಉಂಡೆಗಳನ್ನು ಬೇಯಿಸಿ, ಮೇಲೆ ಕಾದ ಬೆಣ್ಣೆ ಸುರಿದು ಕೊಡುತ್ತಿದ್ದರು. ನಮ್ಮ ಕಡೆಯ ಈ ಅಡುಗೆಯನ್ನು ಆ ಬಯಲಿನವನು ನಮ್ಮವರಿಗಿಂತ ಚೆನ್ನಾಗಿ ಮಾಡಿದ. ಅದನ್ನು ಬಾಯಿಬಿಟ್ಟು ಹೇಳಿದವರಿಲ್ಲ. ತಟ್ಟೆಯಲ್ಲಿ ಉಳಿಸಿದವರೂ ಇಲ್ಲ.

ಹೋಟೆಲಿನಲ್ಲಿ ಜನ ಕಡಿಮೆಯಿರುವ ಜೂನ್ ಮೊದಲಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಅವಳು ಹೊರಟುಬಿಡುತ್ತಿದ್ದಳು. ರಸ್ತೆ ಇದ್ದಲ್ಲಿ ಸೈಕಲ್ ತುಳಿದು, ಇಲ್ಲದಲ್ಲಿ ಅದನ್ನು ಹೆಗಲಿಗೇರಿಸಿ. ತಂದೆಯ ಹೇಸರಗತ್ತೆಯ ತಡಿಯಿಂದ ಕತ್ತರಿಸಿದ ಉಣ್ಣೆಯ ಮೆತ್ತೆಯೊಂದು ಹೆಗಲಿಗೆ. ಗಡಿಯ ಎರಡೂ ಕಡೆಯ ಘಾಟಿಗಳನ್ನು ಅವಳು ಒಂದೊಂದಾಗಿ ಮುಗಿಸಿದಳು, ಆದರೆ ಒಂದು ಶಿಖರವನ್ನೂ ಹತ್ತಲಿಲ್ಲ. ಪರ್ವತಾರೋಹಿಯೊಬ್ಬ ಕಾರಣ ಕೇಳಿದಾಗ ಹೇಳಿದ್ದು: "ಶಿಖರಕ್ಕೆ ಹೋದ್ರೆ ಹೋದ ಕಡೆಯಿಂದ್ಲೇ ಇಳೀಬೇಕು. ಘಾಟಿಗೆ ಹೋದ್ರೆ ಆಚೆ ಯಾರದಾದ್ರೂ ಮನೆ ಇರುತ್ತೆ."

ಅವಳಿಗೆ ಅರವತ್ತು ದಾಟಿದ ಮೇಲೆ ಇಗೊರ್ ಬಂದ. ಪಟ್ಟಣದ ಬ್ರೆಡ್ಡಿನ ಅಂಗಡಿಯವನ ಮಗ. ಆ ಹೆಸರು ಅವನ ತಂದೆಗೆ ಎಲ್ಲಿಂದ ಹೊಳೆಯಿತೋ ತಿಳಿಯದು. ಕಣಿವೆಯ ಊರುಗಳು ಸೇರಿ ಕಟ್ಟಿಕೊಂಡ ಸಂಘ, ಫ್ರಾನ್ಸಿಗೆ ದಾಟುವ ಒಂದು ಸೈಕಲ್ ಮಾರ್ಗವನ್ನು ಗುರುತು ಮಾಡಲು ಅವನನ್ನು ನೇಮಿಸಿತ್ತು. ಬಣ್ಣದ ಗುರುತು, ಫಲಕ, ನಕ್ಷೆ ಎಲ್ಲವೂ ಒಂದೇ ಘಾಟಿಗೆ. ಅದು ಕೆಂಪು ಘಾಟಿಯಾದರೆ ಸವಾರರೆಲ್ಲ ಗ್ರಾಂಜೆಯಲ್ಲಿ ಉಣ್ಣುತ್ತಾರೆ, ಮಲಗುತ್ತಾರೆ. ಹುಲ್ಲು ಘಾಟಿಯಾದರೆ ಪೋಂಟೆಯ ಸೇತುವೆ ದಾಟಿ ಹೋಗುತ್ತಾರೆ, ಗ್ರಾಂಜೆಯನ್ನು ನೋಡುವುದೂ ಇಲ್ಲ. ಸೇತುವೆಯ ಬಳಿ ಇನೇಸ್ ಎಂಬವಳ ಬಾರು ಇದೆ. ಆಗ ಅದರಲ್ಲಿ ಮೂರು ಕುರ್ಚಿ, ಒಂದು ಕಾಫಿ ಯಂತ್ರ.

ಇಗೊರ್ ಬ್ಯಾಟರಿ ಸೈಕಲ್ಲನ್ನು ಹೋಟೆಲಿನ ಗೋಡೆಗೆ ಒರಗಿಸಿದಾಗ ದಾಲ್ಮಾತ್ಸೊ ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದ.

"ಇದು ಸೈಕಲ್ಲಾ, ಬಟ್ಟೆ ಒಗೆಯೋ ಮಿಷನ್ನಾ?"

"ಎರಡೂ ಅಲ್ಲ ಮಾವ, ಹೇಸರಗತ್ತೆ. ಹುಲ್ಲಿನ ಬದಲು ಕರೆಂಟ್ ತಿನ್ನುತ್ತೆ."

"ಹಾಗಾದ್ರೆ ನಾನೂ ಒಂದಿನ ಘಾಟಿ ನೋಡಬಹುದು ಅನ್ನು" ಎಂದು ದಾಲ್ಮಾತ್ಸೊ ಒಳಗೆ ಹೋದ. ಹೋಗಿ ನೋಡಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಇಗೊರ್ ಒನೊರೀನಾಳನ್ನು ಕೇಳಿದ: "ಅತ್ತೆ, ನೀವು ನೋಡದ ಘಾಟಿ ಇಲ್ಲ ಅಂತಾರೆ. ಎರಡರಲ್ಲಿ ಯಾವ್ದು?"

"ಕೆಂಪು ಘಾಟಿ ಒಳ್ಳೆ ದಾರಿ. ಹುಲ್ಲು ಘಾಟಿ ಕೆಟ್ಟದ್ದು."

ಅವನು ಅಷ್ಟನ್ನೇ ಸಂಘಕ್ಕೆ ತಿಳಿಸಿದ. ಅವನ ಬೆಳವಣಿಗೆ ಪಟ್ಟಣದಲ್ಲಿ. ಆ ಎರಡು ಮಾತುಗಳ ಅರ್ಥ ತನಗೆ ಗೊತ್ತೆಂದೇ ಅವನು ತಿಳಿದದ್ದು. ಮಾರ್ಗ ಕೆಂಪು ಘಾಟಿಗೆಂದು ಬಾಯಿಮಾತಿನಲ್ಲಿ ತೀರ್ಮಾನವಾಯಿತು. ಹೋಟೆಲಿಗೆ ಹೊಸ ಹಾಸಿಗೆಗಳು ಬಂದವು. ಪೋಂಟೆಯ ಇನೇಸ್ ಮಾತ್ರ ಬಂದವರಿಗೆಲ್ಲ ಹೇಳಿದಳು: "ಅವಳ ಉಂಡೆ ಬೇಯೋ ಕಡೆಗೇ ದಾರಿ ಹೋಗೋದು. ಅದರಲ್ಲಿ ಆಶ್ಚರ್ಯ ಏನು?"

ಜುಲೈನ ಒಂದು ಭಾನುವಾರ ನಾನು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಎಲ್ಲ ಮೇಜುಗಳೂ ತುಂಬಿದ್ದವು. ಇಗೊರ್ ಬಂದು ಬಾಗಿಲಲ್ಲೇ ನಿಂತ. ಬಿಸಿಲಿಗೆ ಅವನ ಮೂಗು ಸುಲಿದಿತ್ತು.

"ಅತ್ತೆ, ನಾನು ಇವತ್ತು ಹುಲ್ಲು ಘಾಟಿಗೆ ಹೋಗಿದ್ದೆ."

"ಹೂಂ."

"ಒಂದು ಸಲ ಕೂಡ ಇಳೀಲಿಲ್ಲ. ಮೇಲಿನವರೆಗೂ ಸೈಕಲ್ ಮೇಲೇ ಹೋದೆ. ಕಂಬಳಿ ಹಾಸಿದ ಹಾಗಿದೆ. ನೀವು ನನ್ನ ಹತ್ರ ಕೆಟ್ಟ ದಾರಿ ಅಂದ್ರಿ."

"ಕೆಟ್ಟದ್ದೇ."

"ಏನು ಕೆಟ್ಟದ್ದು? ಕೆಂಪು ಘಾಟೀಲಿ ಅರ್ಧ ದಾರಿ ಹೊತ್ಕೊಂಡು ಹೋಗಬೇಕು. ಜನ ಹೇಳ್ತಿರೋದು ನಿಜ ಅನ್ಸುತ್ತೆ. ಹೋಟ್ಲಿಗೋಸ್ಕರ ಸುಳ್ಳು ಹೇಳಿದ್ರಿ."

ಒನೊರೀನಾ ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟಳು.

"ನಾನು ಸುಳ್ಳು ಹೇಳಲ್ಲ."

"ಸರಿ, ನೀವು ಅಲ್ಲಿಗೆ ಹೋದಾಗ ಕಂಡದ್ದೇನು, ಅದನ್ನಾದ್ರೂ ಹೇಳಿ."

"ನಾನು ಅಲ್ಲಿಗೆ ಹೋಗಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ದಾಲ್ಮಾತ್ಸೊ ಕಾಣಿಸಿಕೊಂಡ. "ಏನಂದೆ?"

"ಹೋಗಿಲ್ಲ ಅಂದೆ. ಕೆಟ್ಟ ದಾರಿಗೆ ಯಾರು ಹೋಗ್ತಾರೆ?"

"ಲೋಕದ ಘಾಟಿಗೆಲ್ಲ ಹೋದೋಳು, ಒಲೆ ಪಕ್ಕದ ಕಿಟಕೀಲಿ ಕಾಣೋದಕ್ಕೆ ಹೋಗಿಲ್ವಾ? ನಾನು ಒಬ್ಬನೇ ಸೋಮಾರಿ ಅಂದ್ಕೊಂಡಿದ್ದೆ."

ಯಾರೋ ನಕ್ಕರು. ಒನೊರೀನಾ ನಗಲಿಲ್ಲ. ಅವಳಿಗೆ ಆ ಊರಿನಲ್ಲಿ ಇದ್ದ ಆಸ್ತಿ ಎರಡೇ: ಒಂದು ಆ ಹೋಟೆಲು, ಇನ್ನೊಂದು ದಾರಿಯ ವಿಷಯದಲ್ಲಿ ಅವಳ ಮಾತು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಮಾರಿದಳು ಎಂದು ತುಂಬಿದ ಮನೆಯಲ್ಲಿ ಒಬ್ಬ ಹೇಳಿಹೋಗಿದ್ದ.

ಮರುದಿನ ಅವಳು ಹೋದಳು. ಪಾದ್ರಿಯ ಸೈಕಲ್ಲು ಹೋಗಿ ಬಹಳ ಕಾಲವಾಗಿತ್ತು. ಈಗಿನದು ದಪ್ಪ ಟೈರಿನದು, ಅದಕ್ಕೂ ವಯಸ್ಸಾಗಿತ್ತು. ಹೆಗಲಿನ ಮೆತ್ತೆಯನ್ನು ಅಭ್ಯಾಸಬಲದಿಂದ ಚೀಲಕ್ಕೆ ಹಾಕಿಕೊಂಡಳು. ಅದು ಚೀಲದಿಂದ ಹೊರಗೆ ಬರಲಿಲ್ಲ. ದಾರಿ ಇಗೊರ್ ಹೇಳಿದಂತೆಯೇ ಇತ್ತು: ಅಗಲವಾಗಿ, ನಿಧಾನವಾಗಿ ಏರುವ ಹುಲ್ಲಿನ ಇಳಿಜಾರು, ಒಂದು ಕಲ್ಲಿನ ಅಡ್ಡಿಯಿಲ್ಲ. ಅರವತ್ತರ ಮೊಣಕಾಲಿಗೂ ಅದು ದೂರು ಹೇಳುವಂಥದ್ದಲ್ಲ.

ಆದರೆ ಅವಳ ಕಣ್ಣು ಚಕ್ರದ ಕೆಳಗೆ ಮಾತ್ರ ಇರಲಿಲ್ಲ. ಇಳಿಜಾರಿನಲ್ಲಿ ಒಂದೂ ದೊಡ್ಡ ಮರವಿಲ್ಲ. ಎಳೆಯ ಲಾರ್ಚ್ ಗಿಡಗಳೆಲ್ಲ ಬುಡದಲ್ಲಿ ಬಾಗಿ, ಬಾಚಿದ ಕೂದಲಿನಂತೆ ಒಂದೇ ಕಡೆಗೆ, ಕೆಳಕ್ಕೆ ಮಲಗಿದ್ದವು. ಕಲ್ಲುಗಳಿಲ್ಲದ್ದು ಯಾರೋ ಆರಿಸಿದ್ದರಿಂದಲ್ಲ. ಅವೆಲ್ಲ ಹೊಳೆಯ ಹತ್ತಿರ ರಾಶಿಯಾಗಿ ಬಿದ್ದಿದ್ದನ್ನು ಅವಳು ಹತ್ತುವಾಗಲೇ ಕಂಡಿದ್ದಳು. ಪ್ರತಿ ಚಳಿಗಾಲ ಹಿಮ ಜಾರಿ ಬಂದು ಈ ಇಳಿಜಾರನ್ನು ಗುಡಿಸಿ ಹೋಗುತ್ತದೆ. ಇಗೊರ್‌ನ ಕಂಬಳಿಯನ್ನು ಹಾಸಿದ್ದು ಅದೇ. ದಾರಿ ಮೆತ್ತಗಿರುವುದೂ ಕೆಟ್ಟದಾಗಿರುವುದೂ ಒಂದೇ ಕಾರಣಕ್ಕೆ.

ಘಾಟಿಯ ನೆತ್ತಿಯಾಚೆ, ಫ್ರಾನ್ಸಿನ ಮೊದಲ ಕೊಟ್ಟಿಗೆಯ ಬಳಿ, ಕುರಿ ಕಾಯುವ ಹೆಂಗಸೊಬ್ಬಳು ಹಾಲಿನ ಪಾತ್ರೆ ತೊಳೆಯುತ್ತಿದ್ದಳು. ಗಡಿಯ ಎರಡೂ ಕಡೆ ಹಳಬರ ಆಡುಭಾಷೆ ಒಂದೇ.

"ಎಲ್ಲಿಂದ ಬಂದ್ರಿ?"

"ಹುಲ್ಲು ಘಾಟಿಯಿಂದ."

"ಬೇಸಿಗೆ ಘಾಟಿಯಿಂದ ಅನ್ನಿ."

"ಏನಂದ್ರಿ?"

"ನಾವು ಅದನ್ನ ಬೇಸಿಗೆ ಘಾಟಿ ಅಂತೀವಿ. ನೀವು ಏನಾದ್ರೂ ಅಂದ್ಕೊಳ್ಳಿ."

"ಚಳಿಗಾಲದಲ್ಲಿ ಏನಂತೀರಿ?"

"ಚಳಿಗಾಲದಲ್ಲಿ ಅದಕ್ಕೆ ಹೆಸರಿಲ್ಲ. ಹೋಗೋರೇ ಇಲ್ಲದ ಮೇಲೆ ಹೆಸರು ಯಾರಿಗೆ ಬೇಕು?"

ಒನೊರೀನಾ ಅಲ್ಲೇ ಕೂತು ತಂದಿದ್ದ ಬ್ರೆಡ್ಡು ತಿಂದಳು. ಆಚೆಯವರು ಒಂದು ಪದದಲ್ಲಿ ಹೇಳಿಟ್ಟದ್ದನ್ನು ಈಚೆಯವರು ನೂರಾರು ವರ್ಷ ನುಂಗಿಕೊಂಡೇ ಮಾತಾಡಿದ್ದರು. ಅದರಲ್ಲಿ ಯಾರ ತಪ್ಪೂ ಇಲ್ಲ. ಜುಲೈ ತಿಂಗಳಲ್ಲಿ, ಸುಮ್ಮನೆ, ಚಕ್ರದ ಮೇಲೆ ಘಾಟಿ ದಾಟುವವರು ಹುಟ್ಟಿಕೊಳ್ಳುತ್ತಾರೆಂದು ಯಾರು ಊಹಿಸಿದ್ದರು? ಅಂಥವರಲ್ಲಿ ಮೊದಲನೆಯವಳು ತಾನೇ ಎಂಬುದು ಅವಳಿಗೆ ಆಗ ಹೊಳೆಯಿತೋ ಇಲ್ಲವೋ, ನಾನು ಕೇಳಿಲ್ಲ.

ಹಿಂದಿರುಗಿದಾಗ ದಾಲ್ಮಾತ್ಸೊ ಮರುದಿನಕ್ಕೆ ಆಲೂಗಡ್ಡೆ ಆರಿಸುತ್ತಿದ್ದ. ಅವಳು ಕಂಡದ್ದನ್ನು ಹೇಳಿದಳು. ಅವನು ತಲೆಯೆತ್ತಲಿಲ್ಲ.

"ಇಗೊರ್‌ಗೆ ಹೇಳ್ತೀಯಾ?"

"ಹೇಳ್ಬೇಕು."

"ನೀನು ಕೆಟ್ಟ ದಾರಿ ಅಂದದ್ದು ಸುಳ್ಳಲ್ಲ. ಸುಮ್ಮನಿದ್ರೂ ಸುಳ್ಳಾಗಲ್ಲ."

"ನಿನ್ನೆವರೆಗೆ ಆಗ್ತಿರಲಿಲ್ಲ. ಇವತ್ತು ನೋಡ್ಕೊಂಡು ಬಂದಿದೀನಿ."

"ಬೇಡ ಅಂತ ನಾನು ಹೇಳಲ್ಲ. ನನಗೆ ಬೇಕಾದ್ದು ಒಂದೇ. ಮುಂದಿನ ವರ್ಷಕ್ಕೆ ಆಲೂಗಡ್ಡೆ ಎಷ್ಟು ಹಾಕ್ಲಿ?"

"ಕಮ್ಮಿ ಹಾಕು."

ಪಟ್ಟಣದ ಸಂಘದ ಕೋಣೆಯಲ್ಲಿ ಇಗೊರ್ ಅವಳನ್ನು ಕಂಡು ಎದ್ದು ನಿಂತ. ಭಾನುವಾರದ ಮಾತಿಗೆ ಅವನ ತಂದೆಯೇ ಅವನನ್ನು ಬೈದಿದ್ದನಂತೆ.

"ಮಾರ್ಗ ಹುಲ್ಲು ಘಾಟಿ ಮೇಲೆ ಹಾಕು" ಎಂದಳು ಅವಳು. "ಹಿಮ ಬೀಳೋವರೆಗೆ ಅದು ಒಳ್ಳೆ ದಾರಿ. ಬಿದ್ದ ಮೇಲೆ ಕೆಟ್ಟದ್ದು. ಫಲಕದಲ್ಲಿ ಎರಡೂ ಬರೀಬೇಕು."

"ನಿಮ್ಮ ಹೋಟ್ಲು, ಅತ್ತೆ?"

"ನೀನು ಕೇಳಿದ್ದು ದಾರಿ ವಿಷಯ."

"ಎರಡನೇದು ಬರೆಯೋಕೆ ಜಾಗ ಇಲ್ಲ. ಎಲ್ಲ ಊರಿಗೂ ಒಂದೇ ಅಳತೆ ಫಲಕ. ಆಮೇಲೆ, ಹಿಮದಲ್ಲಿ ಸೈಕಲ್ ಯಾರು ತರ್ತಾರೆ?"

"ನನ್ನ ಮದುವೆಗೆ ಮೊದ್ಲು, ಬೇಸಿಗೇಲಿ ಸೈಕಲ್ ಯಾರು ತರ್ತಾರೆ ಅಂತ ಕೇಳ್ತಿದ್ರು."

ಫಲಕಗಳು ಬಂದವು. ಎರಡನೆಯ ಮಾತು ಅವುಗಳಲ್ಲಿ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆಗಬೇಕಾದದ್ದು ಆಯಿತು. ಗ್ರಾಂಜೆಯಲ್ಲಿ ಮಹಡಿಯ ಕೋಣೆಗಳನ್ನು ಮುಚ್ಚಿದರು. ಹೊಸ ಹಾಸಿಗೆಗಳು ಗೋಡೆಗೆ ಒರಗಿ ನಿಂತವು. ದಾಲ್ಮಾತ್ಸೊ ಭಾನುವಾರಗಳಲ್ಲಿ ಮಾತ್ರ ಒಲೆ ಹಚ್ಚತೊಡಗಿದ. ಅವನಿಗೆ ವಿಶ್ರಾಂತಿ ಒಗ್ಗಲಿಲ್ಲ, ಗೊಣಗುವುದು ಹೆಚ್ಚಾಯಿತು. ಪೋಂಟೆಯಲ್ಲಿ ಇನೇಸಳ ಬಾರು ಸೇತುವೆಯವರೆಗೂ ಹರಡಿತು. ಅವಳು ಕೊಡೆಗಳನ್ನು ನೆಟ್ಟಳು, ಬ್ಯಾಟರಿ ಸೈಕಲ್ಲುಗಳಿಗೆ ಕರೆಂಟ್ ಕೊಡುವ ಸಾಲುಗೂಟಗಳನ್ನು ಹಾಕಿಸಿದಳು. ಸುಳ್ಳಿನ ಆರೋಪವನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ಅದನ್ನು ಆಡುವುದನ್ನು ನಿಲ್ಲಿಸಿದರು, ಅಷ್ಟೆ.

ಆ ಅಕ್ಟೋಬರ್ ಕೊನೆಯಲ್ಲಿ ಮೇಲಿನ ಬಂಡೆಗಳು ಬೆಳ್ಳಗಾದ ಬೆಳಿಗ್ಗೆ, ಒನೊರೀನಾ ಸೈಕಲ್ಲಿನ ಹಿಂದೆ ಒಂದು ಹಲಗೆ ಕಟ್ಟಿಕೊಂಡು ಪೋಂಟೆಗೆ ಇಳಿದಳು. ಹಳೆಯ ಕಿಟಕಿಯ ಬಾಗಿಲದು. ಅದರ ಮೇಲೆ ಕೆಂಪು ಬಣ್ಣದಲ್ಲಿ "ಕೆಟ್ಟ ದಾರಿ" ಎಂದು ಬರೆದಿದ್ದಳು. ಹುಲ್ಲು ಘಾಟಿಯ ದಾರಿ ಶುರುವಾಗುವುದು ಇನೇಸಳ ಬಾರಿನ ಗೋಡೆಯ ಮೂಲೆಯಿಂದ. ಹಲಗೆ ನೇತುಹಾಕಲು ಬೇರೆ ಜಾಗವಿಲ್ಲ. ಸಂಘದ ಫಲಕದ ಪಕ್ಕದಲ್ಲಿ ಅವಳು ಮೊಳೆ ಹೊಡೆಯಲು ಶುರುಮಾಡಿದಾಗ ಇನೇಸ್ ಹೊರಗೆ ಬಂದಳು.

"ಏನೇ ಇದು? ನಿನ್ನ ಗಿರಾಕಿಗಳು ಹೋದ್ರು ಅಂತ ನನ್ನವ್ರನ್ನೂ ಓಡಿಸೋಕೆ ಬಂದ್ಯಾ?"

"ಹಿಮ ಬಿದ್ದಿದೆ."

"ಅದು ಹಿಮ ಅಲ್ಲ, ಹೆಪ್ಪುಗಟ್ಟಿದ ಇಬ್ಬನಿ. ನವೆಂಬರ್ ಮಧ್ಯದವರೆಗೂ ಜನ ಬರ್ತಾರೆ. ಎರಡು ತಂಡ ಹೇಳಿಟ್ಟಿವೆ."

"ಬರ್ಲಿ. ಕಾಫಿ ಕುಡೀಲಿ. ಮೇಲೆ ಹೋಗೋದು ಬೇಡ."

"ನನ್ನ ಗೋಡೆ ಇದು, ಒನೊರೀನಾ."

"ಗೊತ್ತು. ಅಲ್ಲಿ ನಮ್ಮ ಚಿಕ್ಕಜ್ಜನ ಜೊತೆ ಸಿಕ್ಕಿದ್ದು ಯಾರ ಅಜ್ಜ?"

ಅದು ಇನೇಸಳ ಅಜ್ಜ. ಅವಳೂ ಅದೇ ಕಣಿವೆಯಲ್ಲಿ ಬೆಳೆದವಳು. ಶಾಲೆಗೆ ಹೋಗುವಾಗ ಅವಳ ತಾಯಿಯೂ ಒಳ್ಳೆ ದಾರೀಲಿ ಹೋಗು ಎಂದೇ ಕಳಿಸುತ್ತಿದ್ದಳು. ಅವಳು ತಲೆಯೆತ್ತಿ ಇಳಿಜಾರನ್ನು ನೋಡಿದಳು, ಆಮೇಲೆ ಗೋಡೆಯನ್ನು ನೋಡಿದಳು.

"ಮೊಳೆ ಓರೆ ಹೋಗ್ತಿದೆ. ಗಾರೆ ಉದುರಿಸ್ತಿದೀಯ. ಕೊಡಿಲ್ಲಿ ಸುತ್ತಿಗೆ."

ಅದೀಗ ಎಂಟು ವರ್ಷದ ಮಾತು. ಒನೊರೀನಾಳಿಗೆ ಎಪ್ಪತ್ತು ಹತ್ತಿರ. ದೂರದ ಘಾಟಿಗಳಿಗೆ ಹೋಗುವುದು ಕಡಿಮೆಯಾಗಿದೆ. ದಾರಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಈಗ ಅವಳು ಒಳ್ಳೆಯದು, ಕೆಟ್ಟದ್ದು ಎನ್ನುವ ಮೊದಲು "ಯಾವಾಗ ಹೋಗ್ತೀರಿ?" ಎಂದು ಕೇಳುತ್ತಾಳೆ. ಹಲಗೆ ಬೇಸಿಗೆಯೆಲ್ಲ ಇನೇಸಳ ಬಾರಿನ ಉಗ್ರಾಣದಲ್ಲಿರುತ್ತದೆ. ಅದನ್ನು ಹೊರಗೆ ತರುವ ದಿನದ ಬಗ್ಗೆ ಮಾತ್ರ ಇಬ್ಬರಿಗೂ ಇನ್ನೂ ಒಮ್ಮತವಿಲ್ಲ. ಕಳೆದ ಶರತ್ಕಾಲದಲ್ಲಿ ಇಬ್ಬರೂ ಕೊಡೆಯ ಕೆಳಗೆ ನಿಂತು ಮೇಲಕ್ಕೆ ನೋಡುತ್ತಿದ್ದರು.

"ಬಿದ್ದಿದೆ" ಎಂದಳು ಒನೊರೀನಾ.

"ಹಿಟ್ಟು ಚೆಲ್ಲಿದ ಹಾಗಿದೆ, ಅಷ್ಟೇ. ಮಧ್ಯಾಹ್ನಕ್ಕೆ ಹೋಗುತ್ತೆ."

"ಹಾಗಾದ್ರೆ ಮಧ್ಯಾಹ್ನದವರೆಗೂ ಕಾಯ್ತೀನಿ. ಒಂದು ಕಾಫಿ ಕೊಡು."

ಇನೇಸ್ ಒಳಗೆ ಹೋದಳು. ಬರುವಾಗ ಅವಳ ಒಂದು ಕೈಯಲ್ಲಿ ಕಾಫಿ ಇತ್ತು, ಇನ್ನೊಂದು ಕಂಕುಳಲ್ಲಿ ಹಲಗೆ.